ಬ್ಯಾಲೆ ಲಂಗ ಏಕೆ ಗಿಡ್ಡವಾಯಿತು? ಗ್ಯಾದರಿಂಗ್‌ಗೆ ಯಾವುದನ್ನು ಹೊಲಿಸಬೇಕು?

ಪ್ರಶ್ನೆ: ನವನಗರದ ತಾಯಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಆರನೆಯ ತರಗತಿಯಲ್ಲಿರುವ ನನ್ನ ಮಗಳು ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈ ವರ್ಷದ ಶಾಲಾ ಗ್ಯಾದರಿಂಗ್‌ನಲ್ಲಿ (ವಾರ್ಷಿಕೋತ್ಸವದಲ್ಲಿ) ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಎಂಬ ಬ್ಯಾಲೆಯ (ಯುರೋಪಿನ ಶಾಸ್ತ್ರೀಯ ನೃತ್ಯದ) ಸಂಗೀತಕ್ಕೆ ಹುಡುಗಿಯರಿಂದ ಒಂದು ಕಿರುನೃತ್ಯ ಮಾಡಿಸಬೇಕೆಂದು ಶಿಕ್ಷಕಿಯರು ನಿಶ್ಚಯಿಸಿದ್ದು, ಉಡುಪಿನ ಹೊಣೆಯನ್ನು ಪಾಲಕರಿಗೆ ಬಿಟ್ಟಿದ್ದಾರೆ. ವಿಡಿಯೊಗಳನ್ನು ನೋಡಿದರೆ ಕೆಲವು ಬ್ಯಾಲೆಗಳಲ್ಲಿ ಲಂಗ ಮೀನಖಂಡದವರೆಗೆ ಇಳಿದಿದೆ. ಕೆಲವದರಲ್ಲಿ ಸೊಂಟದ ಸುತ್ತ ಪರಾತದಂತೆ ಅಡ್ಡಲಾಗಿ ನಿಂತಿದೆ. ಇನ್ನು ಕೆಲವದರಲ್ಲಿ ಲಂಗವೇ ಇಲ್ಲ. ಗಿಡ್ಡ ಲಂಗಕ್ಕೆ ನಮ್ಮ ಅತ್ತೆಯವರು ಸುತಾರಾಂ ಒಪ್ಪುತ್ತಿಲ್ಲ. ಈ ಭೇದಗಳು ಬರೀ ಆಯಾ ಕಾಲದ ಫ್ಯಾಷನ್ನೋ, ಅಥವಾ ನೃತ್ಯಕ್ಕೂ ಅವಕ್ಕೂ ಸಂಬಂಧವಿದೆಯೋ? ತುದಿಬೆರಳ ಮೇಲೆ ನಿಲ್ಲಲು ಹಾಕಿಕೊಳ್ಳುವ ಶೂಗಳನ್ನು ಆನ್‌ಲೈನಿನಲ್ಲಿ ತರಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ಟಿಳಕವಾಡಿ ರಸಿಕ, ಬೆಳಗಾವಿ

ಸಂಬಂಧ ಇದೆ, ಅಕ್ಕನವರೆ. ಹೆಜ್ಜೆ ಬದಲಾದಂತೆಲ್ಲ ಉಡುಪು ಬದಲಾಗಿದೆ ಎಂಬುದೇ ಬ್ಯಾಲೆಯ ಇತಿಹಾಸದ ಬಹುಪಾಲು.

15ನೆಯ ಶತಮಾನದ ಇಟಲಿಯ ಅರಮನೆಗಳಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ಈ ಕಲೆಯಲ್ಲಿ ಮೊದಲು ಕುಣಿದವರು ದೊರೆಗಳು ಮತ್ತು ಆಸ್ಥಾನಿಕರು. ಹದಿನಾಲ್ಕನೆಯ ಲೂಯಿ 1653ರಲ್ಲಿ ತಾನೇ ಸೂರ್ಯನ ಪಾತ್ರ ಕಟ್ಟಿ ಕುಣಿದನು. 1661ರಲ್ಲಿ ನೃತ್ಯಕ್ಕಾಗಿಯೇ ಒಂದು ಅಕಾಡೆಮಿಯನ್ನು ಸ್ಥಾಪಿಸಿದನು. ಉಡುಪೂ ದರಬಾರಿನದೇ: ಜರತಾರಿಯ ಭಾರ, ಟೋಪನ್ನು, ಮುಖವಾಡ, ಎತ್ತರ ಹಿಮ್ಮಡಿಯ ಬೂಟು. ಇಷ್ಟನ್ನು ಹೊತ್ತುಕೊಂಡವರು ಜಿಗಿಯುವುದಾದರೂ ಹೇಗೆ? ಪ್ಯಾರಿಸ್ಸಿನ ಸಾರ್ವಜನಿಕ ರಂಗಭೂಮಿಯ ಬ್ಯಾಲೆಗಳಲ್ಲಿ 1681ರವರೆಗೆ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನಮ್ಮ ಭಾಗದ ಕಂಪನಿ ನಾಟಕಗಳ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಸೋಜಿಗವೇನೂ ಕಾಣದು.

18ನೆಯ ಶತಮಾನದಲ್ಲಿ ಮರಿ ಕಮಾರ್ಗೊ ಎಂಬ ನರ್ತಕಿ ತನ್ನ ಚುರುಕಾದ ಕಾಲ್ಚಳಕ ಜನರಿಗೆ ಕಾಣಲೆಂದು ಲಂಗವನ್ನು ಹರಡಿನ ಮೇಲಕ್ಕೆ ಏರಿಸಿದಳು. ಅಷ್ಟಕ್ಕೇ ಊರೆಲ್ಲ ಗುಲ್ಲಾಯಿತು. ಅವಳ ಸಮಕಾಲೀನಳಾದ ಮರಿ ಸಾಲೆ 1734ರಲ್ಲಿ ಲಂಡನ್ನಿನಲ್ಲಿ ಬುಟ್ಟಿಲಂಗವನ್ನು ಬಿಟ್ಟು, ಸಾದಾ ಮಸ್ಲಿನ್ ಉಡುಪಿನಲ್ಲಿ ಕುಣಿದಳು. ಮೀನಖಂಡದವರೆಗೆ ಇಳಿದಿದೆ ಎಂದು ನೀವು ಬರೆದ ಬಿಳಿ ಲಂಗವನ್ನು ಹೆಸರುವಾಸಿ ಮಾಡಿದವಳು ಮರಿ ತಾಲಿಯೋನಿ. 1832ರ ‘ಲಾ ಸಿಲ್ಫೀಡ್’ನಲ್ಲಿ ಆಕೆ ಗಾಳಿಯಲ್ಲಿ ತೇಲುವ ಯಕ್ಷಿಯಾಗಿ ತುದಿಬೆರಳ ಮೇಲೆ ನಿಂತಳು, ಆ ತೇಲುವಿಕೆಗೆ ಹಗುರ ಬಟ್ಟೆಯೇ ಬೇಕಾಗಿತ್ತು.

ಆ ಹಗುರ ಬಟ್ಟೆಯೇ ಪ್ರಾಣಕ್ಕೆ ಎರವಾದದ್ದೂ ಉಂಟು. ಆಗ ರಂಗದ ಮೇಲೆ ಉರಿಯುತ್ತಿದ್ದುದು ಗ್ಯಾಸ್ ದೀಪ. ಬಟ್ಟೆಗೆ ಬೆಂಕಿ ಹತ್ತದಂತೆ ಒಂದು ದ್ರಾವಣದಲ್ಲಿ ಅದ್ದುವ ಪದ್ಧತಿ ಇತ್ತಾದರೂ, ಅದರಿಂದ ಲಂಗ ಸೆಟೆದುಕೊಂಡು ಬಣ್ಣಗೆಡುತ್ತದೆ ಎಂದು ಎಮ್ಮಾ ಲಿವ್ರಿ ಎಂಬ ತರುಣಿ ಒಪ್ಪಲಿಲ್ಲ. 1862ರ ನವೆಂಬರ್‌ನಲ್ಲಿ ತಾಲೀಮು ನಡೆದಿದ್ದಾಗ ಅವಳ ಲಂಗಕ್ಕೆ ದೀಪದ ಉರಿ ತಗುಲಿತು. ತಿಂಗಳುಗಟ್ಟಲೆ ನರಳಿ ಮರುವರ್ಷ ತೀರಿಕೊಂಡಳು.

ಲಂಗ ಇನ್ನಷ್ಟು ಮೇಲೇರಿದ್ದು 19ನೆಯ ಶತಮಾನದ ಕೊನೆಗೆ, ಇಟಲಿಯ ನರ್ತಕಿಯರು ರಷ್ಯಾಕ್ಕೆ ಹೋಗಿ ಕಠಿಣವಾದ ಸುತ್ತುಗಳನ್ನು ತೋರಿಸತೊಡಗಿದಾಗ. 1895ರ ‘ಸ್ವಾನ್ ಲೇಕ್’ನಲ್ಲಿ ಪಿಯೆರೀನಾ ಲೆನ್ಯಾನಿ ಒಂಟಿ ಕಾಲಿನ ಮೇಲೆ ಒಂದರ ಹಿಂದೊಂದು 32 ಸುತ್ತು ಹಾಕಿದಳು. ಅಷ್ಟು ಸುತ್ತಿದವಳ ಲಂಗವೂ ಸುಮಾರು ಮೊಣಕಾಲಿನವರೆಗೆ ಇತ್ತು ಎಂದು ನಿಮ್ಮ ಅತ್ತೆಯವರಿಗೆ ಅವಶ್ಯವಾಗಿ ಹೇಳಿ; ಅಡ್ಡಲಾಗಿ ನಿಲ್ಲುವ ಲಂಗ 20ನೆಯ ಶತಮಾನದ್ದು. ಲಂಗವನ್ನೇ ಬಿಟ್ಟ ರೂಢಿಗೆ ಮುಖ್ಯ ಕಾರಣನು ಅಮೆರಿಕದಲ್ಲಿ ನೆಲೆಸಿದ ನೃತ್ಯಸಂಯೋಜಕ ಬ್ಯಾಲಂಚೀನ್. 1946ರ ತನ್ನ ‘ದಿ ಫೋರ್ ಟೆಂಪರಮೆಂಟ್ಸ್’ ಎಂಬ ಕೃತಿಯ ಭಾರವಾದ ವೇಷಗಳು ಚಲನೆಯನ್ನು ಮುಚ್ಚುತ್ತಿದ್ದುದರಿಂದ, 1951ರಲ್ಲಿ ಅವನು ಅವನ್ನು ತೆಗೆಸಿ ತಾಲೀಮಿನ ಬಟ್ಟೆಯಲ್ಲೇ ಕುಣಿಸಿದನು.

ಉತ್ತರ 2: ಭರತನಾಟ್ಯ ಶಿಕ್ಷಕಿ, ವಿಜಯಪುರ

ಟಿಳಕವಾಡಿಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹೆಜ್ಜೆ ಕಾಣಲೆಂದು ಲಂಗ ಏರಿತೆಂಬುದು ನಿಜ. ಆದರೆ 19ನೆಯ ಶತಮಾನದ ಪ್ಯಾರಿಸ್ ಒಪೆರಾದಲ್ಲಿ ವರ್ಷದ ಚಂದಾ ಕಟ್ಟಿದ ಸಿರಿವಂತ ಗಂಡಸರಿಗೆ ರಂಗದ ಹಿಂದಿನ ಕೋಣೆಗೆ ಬಂದು ನರ್ತಕಿಯರೊಡನೆ ಬೆರೆಯುವ ಸಲಿಗೆ ಇತ್ತೆಂಬುದನ್ನು ಮರೆತು ಆ ಉಡುಪಿನ ಕಥೆ ಹೇಳಲಾಗದು. ಆದ್ದರಿಂದ ಅತ್ತೆಯವರ ಆಕ್ಷೇಪವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕಬೇಡಿ. ಗಂಡಸರ ಉಡುಪಿನ ಮೇಲೂ ಜಗಳವಾಗಿದೆ: ಬಿಗಿ ಕಾಲುಚೀಲದ (ಟೈಟ್ಸ್) ಮೇಲೆ ತೊಡಬೇಕಾದ ಚಡ್ಡಿಯನ್ನು ತೊಡದೆ ‘ಜಿಸೆಲ್’ ಎಂಬ ಬ್ಯಾಲೆಯಲ್ಲಿ ಕುಣಿದದ್ದಕ್ಕೆ 1911ರಲ್ಲಿ ರಷ್ಯಾದ ರಾಜ ರಂಗಮಂದಿರವು ಹೆಸರಾಂತ ನರ್ತಕ ನಿಜಿನ್‌ಸ್ಕಿಯನ್ನೇ ಕೆಲಸದಿಂದ ತೆಗೆಯಿತು.

ಗುಲಾಬಿ ಕಾಲುಚೀಲವನ್ನೇ ತರಬೇಕೆಂದೇನೂ ಇಲ್ಲ. ಅದು ಬಿಳಿಯರ ಮೈಬಣ್ಣಕ್ಕೆ ಹೊಂದಿಸಿದ್ದು. ನ್ಯೂಯಾರ್ಕಿನ ಕಪ್ಪುವರ್ಣೀಯ ನರ್ತಕರ ಬ್ಯಾಲೆ ತಂಡವಾದ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನವರು 1970ರ ದಶಕದಲ್ಲಿಯೇ ಕಾಲುಚೀಲ ಮತ್ತು ಶೂಗಳಿಗೆ ತಮ್ಮ ತಮ್ಮ ಮೈಬಣ್ಣ ಹಾಕಿಸಿಕೊಳ್ಳತೊಡಗಿದ್ದರು. ನಮ್ಮ ಮಕ್ಕಳಿಗೂ ಅವರವರ ಬಣ್ಣಕ್ಕೆ ಒಪ್ಪುವುದನ್ನೇ ಕೊಳ್ಳಿ.

ತುದಿಬೆರಳ ಮೇಲೆ ನಿಲ್ಲುವ ಶೂಗಳನ್ನು ಮಾತ್ರ ಖಂಡಿತ ತರಿಸಬೇಡಿ. ಅವುಗಳ ಮೂತಿಯೊಳಗೆ ಕಟ್ಟಿಗೆ ಇರುವುದಿಲ್ಲ. ಬಟ್ಟೆ ಮತ್ತು ಕಾಗದದ ಪದರುಗಳನ್ನು ಅಂಟಿನಿಂದ ಗಟ್ಟಿಗೊಳಿಸಿರುತ್ತಾರೆ. ದೇಹವನ್ನು ಎತ್ತಿ ಹಿಡಿಯುವುದು ಶೂ ಅಲ್ಲ, ವರ್ಷಗಟ್ಟಲೆ ಪಳಗಿದ ಹರಡು ಮತ್ತು ಪಾದ. ಕ್ರಮವಾಗಿ ಬ್ಯಾಲೆ ಕಲಿಯುವ ಮಕ್ಕಳಿಗೂ ಸಾಮಾನ್ಯವಾಗಿ 11–12 ವರ್ಷದ ಮೊದಲು ಅವನ್ನು ಕೊಡುವುದಿಲ್ಲ. ಅರೆಮಂಡಿಯಲ್ಲಿ (ಮೊಣಕಾಲು ಬಾಗಿಸಿದ ಅರ್ಧ ಕುಳಿತ ನಿಲುವಿನಲ್ಲಿ) ಪೂರ್ತಿ ಪಾದ ತಟ್ಟಿ ಅಭ್ಯಾಸವಾದ ನಿಮ್ಮ ಮಗಳಿಗೆ ಮೆತ್ತನೆಯ ಬ್ಯಾಲೆ ಚಪ್ಪಲಿ ಸಾಕು. ಬ್ಯಾಲೆಯ ಮಹಾನರ್ತಕಿ ಆನಾ ಪಾವ್ಲೋವಾ 1923ರಲ್ಲಿ ಉದಯಶಂಕರರೊಡನೆ ರಾಧಾಕೃಷ್ಣರ ನೃತ್ಯ ಮಾಡಿದ್ದರು. ತಮ್ಮಿಂದ ಬ್ಯಾಲೆ ಕಲಿಯಬಯಸಿದ, ಮುಂದೆ ಭರತನಾಟ್ಯದ ಹೆಸರಾಂತ ಕಲಾವಿದೆಯಾದ ರುಕ್ಮಿಣೀದೇವಿಯವರಿಗೆ ನಿಮ್ಮ ನಾಡಿನ ನೃತ್ಯವನ್ನೂ ನೋಡಿ ಎಂದು ಹೇಳಿದವರೂ ಅವರೇ. ಭರತನಾಟ್ಯದ ಹುಡುಗಿ ಈ ಸಂಗೀತಕ್ಕೆ ಕುಣಿದರೆ ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಉತ್ತರ 3: ಖಡೇಬಜಾರದ ಟೇಲರ್, ಬೆಳಗಾವಿ

ಮೇಡಂ, ಅಡ್ಡ ಲಂಗದ ಗೋಜಿಗೆ ಹೋಗಬೇಡಿ. ಅದರಲ್ಲಿ ಗಡುಸು ನೆಟ್ಟಿನ ಹತ್ತರಷ್ಟು ಪದರು ಬರುತ್ತವೆ. ಎಲ್ಲಕ್ಕೂ ಮೇಲಿನದು ಅಗಲ, ಕೆಳಗೆ ಹೋದಂತೆ ಒಂದಕ್ಕಿಂತ ಒಂದು ಗಿಡ್ಡ. ಪ್ರತಿಯೊಂದಕ್ಕೂ ನೆರಿಗೆ ಹಿಡಿದು ಚಡ್ಡಿಗೆ ಜೋಡಿಸಬೇಕು, ನಡುವೆ ಉಕ್ಕಿನ ಬಳೆ ಸೇರಿಸಬೇಕು, ಮೇಲೆ ಸಡಿಲವಾಗಿ ಕೈಹೊಲಿಗೆ ಹಾಕಿ ಪದರುಗಳನ್ನು ಒಂದಕ್ಕೊಂದು ಹಿಡಿಸಬೇಕು. ಒಬ್ಬಳ ಲಂಗಕ್ಕೇ ದಿನಗಟ್ಟಲೆ ಕೆಲಸ. ತಂಡದ ಎಲ್ಲರಿಗೂ ಎಂದರೆ ಗ್ಯಾದರಿಂಗ್ ಮುಗಿದೇ ಹೋಗುತ್ತದೆ.

ಮೊಣಕಾಲಿನ ಕೆಳಗೆ ಇಳಿಯುವ ಲಂಗವಾದರೆ ಒಳಗೆ ಒಂದು ಪದರು ಕ್ಯಾನ್‌ಕ್ಯಾನ್ (ಲಂಗ ಉಬ್ಬಿಸುವ ಗಡುಸು ನೆಟ್), ಅದರ ಮೇಲೆ ಮೂರು ಪದರು ಮೆತ್ತನೆಯ ಬಿಳಿ ನೆಟ್ ಸಾಕು. ಕ್ಯಾನ್‌ಕ್ಯಾನ್ ತೊಡೆಗೆ ಚುಚ್ಚುತ್ತದೆ, ಅಡಿಗೆ ಕಾಟನ್ ಅಸ್ತರ ಹಾಕಿಸಲೇಬೇಕು. ರವಿಕೆಯ ಭಾಗವನ್ನು ಹಿಗ್ಗುವ ಬಟ್ಟೆಯಲ್ಲಿ ಹೊಲಿಸಿರಿ; ಅಳತೆ ಕೊಡುವಾಗ ಮಕ್ಕಳಿಗೆ ಕೈ ಮೇಲೆತ್ತಿ ನಿಲ್ಲಲು ಹೇಳಿರಿ, ಇಲ್ಲವಾದರೆ ರಂಗದ ಮೇಲೆ ಕೈ ಎತ್ತಿದೊಡನೆ ಕಂಕುಳಲ್ಲಿ ಹೊಲಿಗೆ ಬಿಚ್ಚುತ್ತದೆ.