ಶಹಾಬಾದ್ ಫರ್ಸಿ ನೆಲ: ಸಂದಿನ ಸಿಮೆಂಟ್ ಏಳಲತ್ತದ, ಏನ್ ಮಾಡಬೇಕ್ರಿ?

ಪ್ರಶ್ನೆ: ಕಲಬುರಗಿಯೊಳಗ ಹಳೀ ಮನಿ. ಅಡಿಗಿಮನಿ ಫರ್ಸಿಯ ಸಂದು ಬಾಯಿ ಬಿಟ್ಟಾವ, ಇರುವಿ ಬರಲತ್ಯಾವ. ಮ್ಯಾಲೆ ಬಿಳಿ ಸಿಮೆಂಟ್ ಮೆತ್ತಿದ್ರ ಎರಡು ತಿಂಗಳಿಗೆ ಮತ್ತ ಎದ್ದದ. ಕಲ್ಲು ಕೀಳದೇ ಸರಿ ಮಾಡಬಹುದೇನ್ರಿ? ಮೊದಲ ಆ್ಯಸಿಡ್ ಹಾಕಿ ತೊಳೀಬೇಕಾ?

ಉತ್ತರ 1: ಆ್ಯಸಿಡ್ ಮುಟ್ಟಲೇಬ್ಯಾಡ್ರಿ! ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದಲ್ಲಿ ನೊರಿ ಎದ್ದು ಮೈ ಕರಗ್ತದ, ಹೊಳಪು ಹೋಗ್ತದ. ಮೆತ್ತಿದ್ದು ಎದ್ದದ್ದು ಆಳ ಇಲ್ಲದ್ದಕ್ಕ. ಹ್ಯಾಕ್ಸಾ ಬ್ಲೇಡಿನಿಂದ ಸಂದು 10–12 ಮಿ.ಮೀ. ಕೆರೆದು, ಬ್ರಶ್ಶಿನಿಂದ ಧೂಳು ತೆಗೀರಿ. ಆಮ್ಯಾಲೆ ಒದ್ದಿ ಮಾಡ್ರಿ, ಆದ್ರ ನೀರು ನಿಂದರಬಾರದು. 1 ಪಾಲು ಸಿಮೆಂಟಿಗೆ 2 ಪಾಲು ಸಣ್ಣ ಜರಡಿ ಹಿಡಿದ ಉಸುಕು. ನೀರು ಕಮ್ಮಿ ಇರಲಿ. ತೆಳ್ಳಗಾದ ಮಾಲು ಒಣಗಿದ ಮ್ಯಾಲೆ ಕುಗ್ಗಿ ಬಿರುಕು ಬಿಡ್ತದ. ಥಾಪಿ ತುದಿಯಿಂದ ಒತ್ತಿ ತುಂಬ್ರಿ. ಕಲ್ಲಿನ ಮ್ಯಾಲೆ ಬಿದ್ದದ್ದನ್ನ ಆಗಿಂದಾಗ ಒದ್ದಿ ಸ್ಪಂಜಿನಿಂದ ಒರಸ್ರಿ, ನಾಳಿಗೆ ಬಿಟ್ರ ಕಲೆ ಹೋಗಂಗಿಲ್ಲ.

ಉತ್ತರ 2: ಅದಕ್ಕೂ ಮೊದಲ ಪ್ರತಿ ಕಲ್ಲು ನಾಣ್ಯದಿಂದ ಬಡಿದು ನೋಡ್ರಿ. ಟೊಳ್ಳು ಸಪ್ಪಳ ಬಂದ್ರ ಆ ಕಲ್ಲು ಅಲುಗಾಡ್ತದ, ಎಂಥಾ ಮಾಲು ತುಂಬಿದ್ರೂ ನಿಲ್ಲಂಗಿಲ್ಲ. ಅದೊಂದನ್ನೇ ಎಬ್ಬಿಸಿ, ಕೆಳಗ 1:6 ಮಾಲು (1 ಪಾಲು ಸಿಮೆಂಟ್, 6 ಪಾಲು ಉಸುಕು) ಹಾಸಿ, ಕಲ್ಲಿನ ಬೆನ್ನಿಗೆ ಸಿಮೆಂಟ್ ಹಾಲು (ನೀರಿನಾಗ ತೆಳ್ಳಗ ಕಲಸಿದ ಸಿಮೆಂಟ್) ಹಚ್ಚಿ ಕೂಡಿಸ್ರಿ.

ಉತ್ತರ 3: ಈ ಬ್ಯಾಸಗಿಯೊಳಗ ಫ್ಯಾನ್ ಬಂದ್ ಮಾಡಿ, ಸಂಜೀಕ ಕೆಲಸ ಹಿಡೀರಿ. ಮರುದಿನದಿಂದ 3 ದಿನ ಒದ್ದಿ ಗೋಣಿಚೀಲ ಹಾಸಿಡ್ರಿ. ಒಣಗಾಕ ಬಿಟ್ರ ಮಾಲು ಪುಡಿ ಪುಡಿ ಆಗ್ತದ.