ವಿಕಿರಣದ ಡೋಸ್ ಅಷ್ಟೇ ಇದ್ದರೂ, ನಿಧಾನಕ್ಕೆ ಕೊಟ್ಟರೆ ಕೋಶಗಳು ಹೆಚ್ಚು ಉಳಿಯುತ್ತಿವೆ. ಏನು ಕಾರಣ?

ಪೆಟ್ರಿಡಿಶ್_ಪುಟ್ಟ:
ವಿ79 ಹ್ಯಾಮ್‌ಸ್ಟರ್ ಕೋಶಗಳು, ಕೋಬಾಲ್ಟ್-60ರ ಗಾಮಾ ಕಿರಣ. ನಿಮಿಷಕ್ಕೆ 1 ಗ್ರೇಯಂತೆ (ಗ್ರೇ ಅಂದ್ರೆ ಕಿರಣದ ಡೋಸಿನ ಅಳತೆ) 8 ಗ್ರೇ ಕೊಟ್ಟಾಗ ಬರುವ ಕಾಲೊನಿಗಳಿಗೂ (ಉಳಿದ ಕೋಶ ಬೆಳೆದು ಆಗುವ ಗುಂಪು), ಸೀಸದ ಫಿಲ್ಟರ್ ಇಟ್ಟು ಗಂಟೆಗೆ 1.2 ಗ್ರೇಯಂತೆ ಅದೇ 8 ಗ್ರೇ ಕೊಟ್ಟಾಗ ಬರುವುದಕ್ಕೂ ತಾಳೆಯೇ ಇಲ್ಲ. ನಿಧಾನದ್ದರಲ್ಲಿ ನಾಲ್ಕೈದು ಪಟ್ಟು ಹೆಚ್ಚು. ಫ್ಲಾಸ್ಕ್ ಪೂರ್ತಿ ಹೊತ್ತು 37 ಡಿಗ್ರಿಯಲ್ಲೇ ಇತ್ತು. ಡೋಸಿಮೆಟ್ರಿಯೇ (ಡೋಸ್ ಅಳೆದದ್ದೇ) ಸರಿಯಿಲ್ಲ ಅಂತಾರೆ ನಮ್ಮ ಗೈಡ್.

ಅಯಾನ್_ಅಣ್ಣ:
ಫಿಲ್ಟರ್ ಇಟ್ಟ ಮೇಲೆ ಫ್ಲಾಸ್ಕಿನ ಜಾಗದಲ್ಲೇ ಅಳೆದಿರಾ, ಇಲ್ಲ ಲೆಕ್ಕ ಹಾಕಿದ್ದಾ? ಕೋಬಾಲ್ಟಿನ ಅರ್ಧಾಯುಷ್ಯ 5.27 ವರ್ಷ, ತಿಂಗಳಿಗೆ ಶೇ. 1ರಷ್ಟು ದರ ಇಳಿಯುತ್ತೆ. ಹಳೇ ಚಾರ್ಟ್ ನಂಬಬೇಡಿ.

ಪೆಟ್ರಿಡಿಶ್_ಪುಟ್ಟ:
ಅಯಾನ್ ಚೇಂಬರ್ (ಕಿರಣ ಅಳೆಯುವ ಸಾಧನ) ಇಟ್ಟೇ ಅಳೆದದ್ದು ಅಣ್ಣ, ಈ ತಿಂಗಳೇ. ಎರಡೂ ದರ ಸರಿಯಿದೆ.

ಗಾಮಾ_ಅಕ್ಕ:
ಹಾಗಿದ್ರೆ ಡೋಸಿಮೆಟ್ರಿಯನ್ನ ಬಿಟ್ಹಾಕಿ. 6 ಗಂಟೆ 40 ನಿಮಿಷ ಸುಮ್ಮನೆ ಕೂತಿರೋಕೆ ಅವು ಸತ್ತ ಕೋಶಗಳಲ್ಲ, ಕಿರಣ ಬೀಳ್ತಿರುವಾಗಲೇ ಡಿಎನ್‌ಎ ರಿಪೇರಿ ನಡೆದಿರುತ್ತೆ. ಎಲ್ಕೈಂಡ್ ಮತ್ತು ಸಟನ್ 1959ರಲ್ಲೇ ಇದನ್ನ ತೋರಿಸಿದ್ರು. ಅವರದ್ದೂ ಹ್ಯಾಮ್‌ಸ್ಟರ್ ಕೋಶಗಳೇ. ಡೋಸನ್ನ ಎರಡು ಕಂತು ಮಾಡಿ ನಡುವೆ ಬಿಡುವು ಕೊಟ್ಟರೆ ಉಳಿಯುವ ಕೋಶ ಹೆಚ್ಚುತ್ತೆ.

ಲೀನಿಯರ್-ಕ್ವಾಡ್ರಾಟಿಕ್ ಸಮೀಕರಣದಲ್ಲಿ, ಅಂದ್ರೆ ಇಷ್ಟು ಡೋಸಿಗೆ ಎಷ್ಟು ಕೋಶ ಉಳಿಯುತ್ತೆ ಅನ್ನೋ ಲೆಕ್ಕದಲ್ಲಿ ನೋಡಿ. ಒಂದೇ ಏಟಿನ ಸಾವು ಆಲ್ಫಾ ಭಾಗ, ಅದಕ್ಕೆ ದರದ ಹಂಗಿಲ್ಲ. ಬೀಟಾ ಭಾಗ ಬರೋದು ಎರಡು ಬೇರೆ ಬೇರೆ ಏಟು ಕೂಡಿದಾಗ. ಮೊದಲನೆಯದು ಅಷ್ಟರಲ್ಲಿ ರಿಪೇರಿ ಆಗಿದ್ರೆ ಕೂಡೋಕೆ ಏನಿದೆ? ರಿಪೇರಿಯ ಅರ್ಧಾವಧಿ 1 ಗಂಟೆ, ಬೀಟಾ 0.03 ಅಂತ ಇಟ್ಕೊಂಡರೆ, ನಿಮ್ಮ ಅವಧಿಗೆ ಬೀಟಾ ಭಾಗ ಮೂರನೇ ಒಂದಕ್ಕೆ ಇಳಿಯುತ್ತೆ. ಉಳಿಕೆ ಸುಮಾರು ಮೂರು ಪಟ್ಟು ಏರುತ್ತೆ.

ಮಿಕ್ಕ ಏರಿಕೆಯ ಮೇಲೆ ನನಗೆ ಅನುಮಾನ. ವಿ79 ಅರ್ಧ ದಿನದೊಳಗೇ ದುಪ್ಪಟ್ಟಾಗುವ ಜಾತಿ. ಅಷ್ಟು ಹೊತ್ತಲ್ಲಿ ಒಂದು ಕೋಶ ಎರಡಾಗಿದ್ರೆ, ಎರಡರಲ್ಲಿ ಒಂದು ಉಳಿದರೂ ಕಾಲೊನಿ ಬರುತ್ತೆ. ಕಿರಣದ ಮೊದಲೇ ಪ್ಲೇಟ್ ಮಾಡಿದ್ರಾ (ಕಾಲೊನಿ ಬೆಳೆಯೋಕೆ ಕೋಶಗಳನ್ನ ಬಿಡಿಬಿಡಿಯಾಗಿ ಹಾಕಿದ್ರಾ)? ಕಂಟ್ರೋಲ್ ಫ್ಲಾಸ್ಕ್ (ಹೋಲಿಕೆಗೆ ಇಟ್ಟ, ಕಿರಣ ಕೊಡದ್ದು) ಅಷ್ಟೇ ಹೊತ್ತು ಹೊರಗಿತ್ತಾ?

ಪೆಟ್ರಿಡಿಶ್_ಪುಟ್ಟ:
ಪ್ಲೇಟ್ ಮೊದಲೇ ಮಾಡಿದ್ದು. ಕಂಟ್ರೋಲ್ ಇನ್‌ಕ್ಯುಬೇಟರ್‌ನಲ್ಲೇ ಇತ್ತು ಅಕ್ಕ.

ಗಾಮಾ_ಅಕ್ಕ:
ಕಂಟ್ರೋಲನ್ನೂ ಅದೇ ತರಹದ ಫ್ಲಾಸ್ಕಲ್ಲಿ, ಅಷ್ಟೇ ಹೊತ್ತು, ಅದೇ ತಾಪದಲ್ಲಿ ಕಿರಣದಿಂದ ದೂರ ಇಡಿ. ಕಿರಣ ಶುರುವಾದಾಗೊಮ್ಮೆ, ಮುಗಿದಾಗೊಮ್ಮೆ ಮೈಕ್ರೋಸ್ಕೋಪಲ್ಲಿ ಒಂಟಿ ಕೋಶ ಎಷ್ಟು, ಜೋಡಿ ಎಷ್ಟು ಎಣಿಸಿ ತಿದ್ದುಪಡಿ ಹಾಕಿ. ರಿಪೇರಿಗೆ ಸಾಕ್ಷಿ ಬೇಕಂದ್ರೆ ವೇಗದ ದರದಲ್ಲೇ 4 ಗ್ರೇ, ಎರಡು ಗಂಟೆ ಬಿಡುವು, ಮತ್ತೆ 4 ಗ್ರೇ. ಗೈಡ್ ಒಪ್ತಾರೆ.

ಅಯಾನ್_ಅಣ್ಣ:
ದರ ಇನ್ನೂ ಇಳಿಸಿದ್ರೆ ಉಳಿಕೆ ಏರ್ತಾನೇ ಹೋಗುತ್ತಾ?

ಗಾಮಾ_ಅಕ್ಕ:
ಎಲ್ಲಾ ಕೋಶಗಳಲ್ಲೂ ಇಲ್ಲ. ಹೀಲಾ ಅನ್ನೋ ಮಾನವ ಕ್ಯಾನ್ಸರ್ ಕೋಶಗಳಲ್ಲಿ ಗಂಟೆಗೆ 1.54 ಗ್ರೇಯಿಂದ 0.37ಕ್ಕೆ ಇಳಿಸಿದಾಗ ಸಾವು ಹೆಚ್ಚಾಯ್ತು! ಜಾಸ್ತಿ ದರದಲ್ಲಿ ಕೋಶಗಳು ಇದ್ದ ಹಂತದಲ್ಲೇ ನಿಂತುಬಿಡ್ತವೆ. 0.37ರಲ್ಲಿ ಮುಂದೆ ಸಾಗಿ, ಕಿರಣಕ್ಕೆ ತೀರಾ ಸೂಕ್ಷ್ಮವಾದ ಜಿ2 ಹಂತದಲ್ಲಿ (ಕೋಶ ಒಡೆಯುವ ಮುಂಚಿನದು) ಸಿಕ್ಕಿಹಾಕಿಕೊಳ್ತವೆ. ಅದಕ್ಕೇ ಪುಟ್ಟ, ಒಂದು ಕೋಶದ ದರದ ಲೆಕ್ಕ ಇನ್ನೊಂದಕ್ಕೆ ಹಾಕಬೇಡ.