ಸಹಾಯ ಬೇಕು: 1952ರ ಬೇಸ್‌ಬಾಲ್ ಕಾರ್ಡ್‌ನ ಅಂಚು ಯಾರಾದರೂ ಕತ್ತರಿಸಿದ್ದಾರಾ?

ಎಲ್ಲರಿಗೂ ನಮಸ್ಕಾರ. ತೀರಿಹೋದ ಚಿಕ್ಕಪ್ಪನ ಆಲ್ಬಂನಲ್ಲಿ ಅಮೆರಿಕದ ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಕಾರ್ಡ್ (ಆಟಗಾರನ ಚಿತ್ರವಿರುವ, ಸಂಗ್ರಹಕಾರರು ಕೂಡಿಡುವ ಕಾರ್ಡ್) ಒಂದು ಸಿಕ್ಕಿದೆ. ಹಿಂಬದಿಯ ನಂಬರ್ 311ಕ್ಕಿಂತ ಮೇಲಿದೆ. ಆ ಸೆಟ್‌ನಲ್ಲಿ 311ರಿಂದ 407ರವರೆಗಿನವು ಕೊನೆಗೆ ಬಂದವು. ಸೀಸನ್ ಮುಗಿಯುತ್ತಾ ಬಂದಿದ್ದರಿಂದ ಜಾಸ್ತಿ ಖರ್ಚಾಗಲಿಲ್ಲ, ಹಾಗಾಗಿ ಈಗ ಸಿಗುವುದು ಕಷ್ಟ. 311ನೇ ನಂಬರಿನ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ನನ್ನದು ಅಂಥ ದೊಡ್ಡ ಆಟಗಾರನದ್ದಲ್ಲ. ಆದರೂ ಚಿಕ್ಕಪ್ಪ ಅಷ್ಟು ಜೋಪಾನ ಮಾಡಿದ್ದು, ಸುಮ್ನೆ ಬಿಡಲು ಮನಸ್ಸಿಲ್ಲ.

1983ರಲ್ಲಿ ಇದೇ ಸೆಟ್ ಮತ್ತೆ ಅಚ್ಚಾಗಿತ್ತು ಅಲ್ವಾ? ಅದು ಇರಬಹುದೇನೋ ಎಂದು ಅಳೆದು ನೋಡಿದೆ. ಮರುಮುದ್ರಣದ ಎತ್ತರ ಮೂರೂವರೆ ಇಂಚು. ನನ್ನದು ಮೂರೂಮುಕ್ಕಾಲು ಇದೆ. ಹಿಂಬದಿಯಲ್ಲಿ ಮರುಮುದ್ರಣ ಎಂಬ ಬರಹವೂ ಇಲ್ಲ.

ತೊಂದರೆ ಅಗಲದಲ್ಲಿದೆ. 2⅝ ಇಂಚು ಇರಬೇಕಾದ್ದು ಕೂದಲೆಳೆಯಷ್ಟು ಕಡಿಮೆ. ಭೂತಗನ್ನಡಿಯಲ್ಲಿ ನೋಡಿದರೆ ಮೂರು ಅಂಚು ಕಂದು ಬಣ್ಣಕ್ಕೆ ತಿರುಗಿ, ನಾರು ಎದ್ದು ಮೆತ್ತಗಾಗಿವೆ. ಬಲ ಅಂಚು ಮಾತ್ರ ಬೆಳ್ಳಗೆ, ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರವಾಗಿದೆ. ಅದೇ ಸೆಟ್‌ನ ಇನ್ನೆರಡು ಕಾರ್ಡ್ ಪಕ್ಕಕ್ಕಿಟ್ಟೆ. ಅವೂ ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ! ಆಗಿನ ಕಾರ್ಖಾನೆ ಕಟಿಂಗ್ ಹಾಗೇ ಇತ್ತು ಅಂತಾರೆ. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಅಂಚು ಕತ್ತರಿಸಿದ್ದು ಅಂತಾದರೆ ಗ್ರೇಡಿಂಗ್‌ನಲ್ಲಿ, ಅಂದರೆ ಕಾರ್ಡ್ ಪರೀಕ್ಷಿಸಿ ಅದರ ಸ್ಥಿತಿಗೆ ಅಂಕ ಕೊಡುವ ಕಡೆ, ನಂಬರ್ ಕೊಡುವುದಿಲ್ಲ, ಬೆಲೆಯೂ ಬಿದ್ದುಹೋಗುತ್ತದೆ.

ಕಾರ್ಖಾನೆಯಲ್ಲೇ ಚಿಕ್ಕದಾಗಿ ಕತ್ತರಿಸಿದ್ದಕ್ಕೂ ಆಮೇಲೆ ಯಾರೋ ಕತ್ತರಿಸಿದ್ದಕ್ಕೂ ವ್ಯತ್ಯಾಸ ಮನೆಯಲ್ಲೇ ಗುರುತಿಸುವುದು ಹೇಗೆ? ನನ್ನ ಜಾಗದಲ್ಲಿ ನೀವಿದ್ದರೆ ಗ್ರೇಡಿಂಗ್‌ಗೆ ಕಳಿಸುತ್ತಿದ್ದಿರಾ?